ಮನೆಯ ಯಂತ್ರ ಮುನಿದಾಗ

ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ ಅದಕ್ಕೆ ತಕ್ಕ ಪರಿಹಾರವು ನಮ್ಮ ಹಿರಿಯರಿಗೆ ತಿಳಿದಿದ್ದಿತು. ಬಾವಿಯ ರಾಟೆ ಕಿರುಗುಟ್ಟಿದರೆ ಎಣ್ಣೆ ಬಿಡುವರು. ಗೋಡೆಯ ಗಡಿಯಾರ ನಿಂತರೆ ಕೀಲಿ ಕೊಡುವರು. ಒಲೆ ಹೊಗೆಯಾಡಿದರೆ ಊದುಗೊಳವೆಯನ್ನು ಕೈಗೆತ್ತಿಕೊಳ್ಳುವರು. ಕೆಟ್ಟುದು ಕಣ್ಣಿಗೆ ಕಾಣುತ್ತಿದ್ದಿತು. ಆದುದರಿಂದ ಸರಿಪಡಿಸುವ ಬಗೆಯೂ ಕಾಣುತ್ತಿದ್ದಿತು. ಇಂದು ನಮ್ಮ ಮನೆಗಳನ್ನು ಹೊಕ್ಕಿರುವ ಕಂಪ್ಯೂಟರೂ ಮೊಬೈಲ್ ಫೋನೂ ಹಾಗಲ್ಲ. ಅವುಗಳ ಹೊಟ್ಟೆಯೊಳಗೆ ಏನು ನಡೆಯುತ್ತಿದೆಯೆಂಬುದು ಹೊರಗೆ ತೋರದು. ನಿನ್ನೆ ರಾತ್ರಿಯವರೆಗೂ ಹೇಳಿದಂತೆ ಕೇಳುತ್ತಿದ್ದ ಯಂತ್ರವು ಇಂದು ಬೆಳಿಗ್ಗೆ ಮುಖ ಕಪ್ಪಿಟ್ಟುಕೊಂಡು ಕುಳಿತರೆ ಗೃಹಸ್ಥನಿಗೆ ದಿಕ್ಕು ತೋಚದಂತಾಗುವುದು ಸಹಜ. ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಸರಿ. ಇಲ್ಲವಾದರೆ ನೇರವಾಗಿ ಅಂಗಡಿಗೆ ಓಟ. ಆ ಓಟಕ್ಕೆ ಮೊದಲು ಮನೆಯಲ್ಲಿಯೇ ಮಾಡಬಹುದಾದ ಕೆಲವು ಸುಲಭೋಪಾಯಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಉಪಾಯಗಳಿಗೆ ಮೊದಲು ಒಂದು ಮಾತನ್ನು ಅರಿಕೆ ಮಾಡಿಕೊಳ್ಳಬೇಕು. ಇಲ್ಲಿ ಸ್ವತ್ತುಗಳು ಎರಡು. ಯಂತ್ರವು ಒಂದು, ಯಂತ್ರದೊಳಗಣ ಬರೆಹ, ಚಿತ್ರ, ಲೆಕ್ಕಪತ್ರಗಳು ಇನ್ನೊಂದು. ಯಂತ್ರವು ಹಣಕ್ಕೆ ದೊರೆಯುವ ವಸ್ತು. ಹೋದರೆ ಮತ್ತೊಂದನ್ನು ತರಬಹುದು. ತೀರಿಹೋದ ತಾಯಿಯ ಧ್ವನಿ, ಮಗುವಿನ ಮೊದಲ ಹೆಜ್ಜೆಯ ಚಿತ್ರ, ತಂದೆಯವರು ವರ್ಷಗಟ್ಟಲೆ ಕುಳಿತು ಬರೆದ ವಂಶಾವಳಿ, ಇವು ಯಾವ ಅಂಗಡಿಯಲ್ಲಿಯೂ ದೊರೆಯುವುವಲ್ಲ. ಯಂತ್ರವನ್ನು ಉಳಿಸಿಕೊಳ್ಳುವ ಆತುರದಲ್ಲಿ ಒಳಗಣ ಸ್ವತ್ತನ್ನು ಕಳೆದುಕೊಂಡು ಪರಿತಪಿಸುವವರು ಎಷ್ಟೋ ಮಂದಿ. ಆದಕಾರಣ ಯಾವುದಕ್ಕೆ ಕೈಹಾಕುವ ಮೊದಲೂ, ಇದರಿಂದ ಒಳಗಣ ಬರೆಹಕ್ಕೆ ಕೇಡುಂಟೇ ಎಂದು ಕೇಳಿಕೊಳ್ಳತಕ್ಕದ್ದು. ‘ಫಾರ್ಮ್ಯಾಟ್’, ‘ಫ್ಯಾಕ್ಟರಿ ರೀಸೆಟ್’, ‘ವೈಪ್’ ಎಂಬ ಮೂರು ಮಾತುಗಳನ್ನು ಮನೆಮಂದಿಯೆಲ್ಲ ನೆನಪಿಟ್ಟುಕೊಳ್ಳಬೇಕು. ಮೂರಕ್ಕೂ ಅರ್ಥ ಒಂದೇ, ಒಳಗಿರುವುದನ್ನೆಲ್ಲ ಒರಸಿಹಾಕುವುದು. ಅವು ಕಟ್ಟಕಡೆಯ ಉಪಾಯಗಳು.

ಇನ್ನು ಪರೀಕ್ಷೆಯ ಕ್ರಮ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾವು ಯಂತ್ರ ಕೆಟ್ಟಿತೆಂದು ದೂರುವಾಗಲೂ ಅನೇಕ ವೇಳೆ ಕೆಟ್ಟಿರುವುದು ಬೇರೆ. ಕಂಪ್ಯೂಟರು ಹೊತ್ತಿಕೊಳ್ಳದಿದ್ದರೆ ಮೊದಲು ಗೋಡೆಯ ಸ್ವಿಚ್ಚು, ಬಳಿಕ ಪ್ಲಗ್ಗು, ಬಳಿಕ ಯಂತ್ರದ ಹಿಂಬದಿಯಲ್ಲಿ ಸಿಕ್ಕಿಸಿರುವ ತಂತಿ, ಬಳಿಕ ಪರದೆಯ ತಂತಿ, ಹೀಗೆ ಹೊರಗಿನಿಂದ ಒಳಕ್ಕೆ ನೋಡುತ್ತ ಬರಬೇಕು. ಅದೇ ಸ್ವಿಚ್ಚಿಗೆ ಮೇಜಿನ ದೀಪವನ್ನು ಸಿಕ್ಕಿಸಿ ನೋಡಿದರೆ ದೋಷವು ಗೋಡೆಯದೋ ಯಂತ್ರದ್ದೋ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುವುದು. ಗುಡಿಸುವಾಗ ಸರಿದ ಒಂದು ತಂತಿಯ ದೆಸೆಯಿಂದ ಇಡೀ ಯಂತ್ರವು ಆಟೋ ಏರಿ ಅಂಗಡಿಗೆ ಹೋಗಿಬರುವುದುಂಟು. ಫೋನು ಚಾರ್ಜಾಗದಿದ್ದರೂ ಹೀಗೆಯೇ: ಬೇರೊಂದು ತಂತಿ, ಬೇರೊಂದು ಚಾರ್ಜರು, ಬೇರೊಂದು ಸ್ವಿಚ್ಚು, ಒಂದೊಂದನ್ನೇ ಬದಲಿಸಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷವು ಯಾವುದರಲ್ಲಿತ್ತೆಂಬುದು ತಿಳಿಯದೆ ಹೋಗುವುದು. ಜೇಬಿನಲ್ಲಿಯೂ ಚೀಲದಲ್ಲಿಯೂ ಇರುವ ಫೋನಿನ ಚಾರ್ಜಿನ ತೂತಿನೊಳಗೆ ಬಟ್ಟೆಯ ನಾರು ಸೇರಿ ಗಟ್ಟಿಯಾಗುವುದು ಸಾಮಾನ್ಯ. ಫೋನನ್ನು ಪೂರ್ಣವಾಗಿ ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಅದನ್ನು ತೆಗೆಯಬಹುದು. ಪಿನ್ನು, ಸೂಜಿಗಳನ್ನು ಹಾಕಕೂಡದು.

ಯಂತ್ರವು ನಿಧಾನವಾಯಿತೆಂಬ ದೂರು ಎಲ್ಲ ಮನೆಗಳಲ್ಲಿಯೂ ಇದೆ. ಇದನ್ನು ತಿಳಿಯಬೇಕಾದರೆ ಅಡಿಗೆಮನೆಯ ಕಟ್ಟೆಗೂ ಉಗ್ರಾಣಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಸಾಕು. ಯಂತ್ರವು ಕೆಲಸ ಮಾಡುವ ಸ್ಥಳಕ್ಕೆ ‘ರ್‍ಯಾಮ್’ ಎಂದು ಹೆಸರು, ಅದು ಕಟ್ಟೆ. ಬರೆಹ, ಚಿತ್ರಗಳನ್ನು ಇಟ್ಟಿರುವ ಸ್ಥಳವು ‘ಸ್ಟೋರೇಜ್’, ಅದು ಉಗ್ರಾಣ. ಹಬ್ಬದ ದಿನ ಕಟ್ಟೆಯ ತುಂಬ ಪಾತ್ರೆಗಳು ಹರಡಿಕೊಂಡಾಗ ಹೊಸ ಕೆಲಸಕ್ಕೆ ಎಡೆಯಿಲ್ಲದಂತಾಗುವುದಷ್ಟೆ. ಯಂತ್ರದಲ್ಲಿಯೂ ತೆರೆದು ಬಿಟ್ಟ ಕೆಲಸಗಳು ಕಟ್ಟೆಯನ್ನು ತುಂಬಿಬಿಡುವುವು. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಕಟ್ಟೆಯು ತೊಳೆದಂತಾಗುವುದು; ಉಗ್ರಾಣದ ಸಾಮಾನಿಗೆ ಏನೂ ಆಗದು. ಬಲ್ಲವರೆಲ್ಲರೂ ಮೊದಲು ಹೇಳುವ ಚಿಕಿತ್ಸೆ ಇದೇ ಆಗಿರುವುದಕ್ಕೆ ಇದು ಕಾರಣ. ವಿಂಡೋಸ್ ಹಾಕಿದ ಕಂಪ್ಯೂಟರುಗಳಲ್ಲಿ ಒಂದು ಸೂಕ್ಷ್ಮವುಂಟು. ಬೇಗ ಹೊತ್ತಿಕೊಳ್ಳಲೆಂಬ ಏರ್ಪಾಡಿನಿಂದ, ‘ಷಟ್ ಡೌನ್’ ಮಾಡಿದಾಗ ಹಿಂದಿನ ಸ್ಥಿತಿಯ ಒಂದು ಭಾಗವನ್ನು ಅದು ಕಾದಿಟ್ಟುಕೊಳ್ಳುತ್ತದೆ. ‘ರೀಸ್ಟಾರ್ಟ್’ ಎಂಬುದನ್ನು ಒತ್ತಿದಾಗಲೇ ಪೂರ್ಣವಾಗಿ ಹೊಸದಾಗಿ ಏಳುತ್ತದೆ. ಆದುದರಿಂದ ತೊಂದರೆಯಿದ್ದಾಗ ಎರಡನೆಯದನ್ನೇ ಆರಿಸಬೇಕು. ಫೋನಿನ ಪರದೆಯು ಸ್ತಬ್ಧವಾಗಿ ಬೆರಳಿಗೆ ಜಗ್ಗದಿದ್ದರೆ, ಅನೇಕ ಫೋನುಗಳಲ್ಲಿ ಹೊತ್ತಿಸುವ ಗುಂಡಿಯನ್ನೂ ಧ್ವನಿ ತಗ್ಗಿಸುವ ಗುಂಡಿಯನ್ನೂ ಒಟ್ಟಿಗೆ ಹತ್ತು ಹದಿನೈದು ಸೆಕೆಂಡುಗಳ ಕಾಲ ಒತ್ತಿಹಿಡಿದರೆ ಅದು ಮತ್ತೆ ಏಳುತ್ತದೆ. ಏಳುವಾಗ ಇಂಗ್ಲಿಷಿನಲ್ಲಿ ಒಂದು ಪಟ್ಟಿ ಕಾಣಿಸಿಕೊಂಡರೆ, ಮೇಲೆ ಹೇಳಿದ ‘ವೈಪ್’ ಎಂಬುದನ್ನು ಮಾತ್ರ ಮುಟ್ಟಬಾರದು.

ಉಗ್ರಾಣವೇ ತುಂಬಿದ್ದರೆ ಕಟ್ಟೆ ತೊಳೆದು ಫಲವಿಲ್ಲ. ನಮ್ಮ ಫೋನುಗಳ ಉಗ್ರಾಣವನ್ನು ತುಂಬುವುದರಲ್ಲಿ ವಾಟ್ಸಾಪಿನ ಪಾಲು ದೊಡ್ಡದು. ಬೀಗರ ಗುಂಪು, ಬಡಾವಣೆಯ ಗುಂಪು, ಹಳೆಯ ಸಹಪಾಠಿಗಳ ಗುಂಪು, ಎಲ್ಲೆಡೆಯಿಂದಲೂ ಬೆಳಗಾದರೆ ಶುಭೋದಯದ ಚಿತ್ರಗಳು ಬಂದು ಬೀಳುವುವು. ನಾವು ನೋಡಲಿ ಬಿಡಲಿ ಅವು ತಾವಾಗಿಯೇ ಇಳಿದು ಕುಳಿತುಕೊಳ್ಳುವುವು. ವಾಟ್ಸಾಪಿನ ‘ಸೆಟ್ಟಿಂಗ್ಸ್’ನೊಳಗೆ ‘ಸ್ಟೋರೇಜ್ ಅಂಡ್ ಡೇಟಾ’ ಎಂಬ ಭಾಗವಿದೆ. ಅಲ್ಲಿ ಯಾವ ಗುಂಪು ಎಷ್ಟು ಜಾಗವನ್ನು ನುಂಗಿದೆಯೆಂಬ ಲೆಕ್ಕವು ಕಾಣುವುದು. ದೊಡ್ಡ ವಿಡಿಯೋಗಳನ್ನು ಆರಿಸಿ ತೆಗೆಯಬಹುದು. ತಾವಾಗಿ ಇಳಿಯದಂತೆಯೂ ಮಾಡಬಹುದು. ಫೋನನ್ನು ಚುರುಕುಗೊಳಿಸುತ್ತೇವೆ, ಕಸ ಗುಡಿಸುತ್ತೇವೆ ಎಂದು ಜಾಹೀರಾತು ಕೊಡುವ ಆ್ಯಪುಗಳನ್ನು ಮಾತ್ರ ಹಾಕಿಕೊಳ್ಳದಿರುವುದು ಕ್ಷೇಮ. ಗುಡಿಸಲು ಬಂದವರು ಮನೆಯಲ್ಲಿಯೇ ಬೀಡುಬಿಟ್ಟಂತೆ, ಅವುಗಳಲ್ಲಿ ಅನೇಕವು ತಾವೇ ಜಾಗವನ್ನು ತಿಂದು ಜಾಹೀರಾತುಗಳನ್ನು ತಂದು ಸುರಿಯುವುವು.

ಇನ್ನು ವಿದ್ಯುತ್ತಿನ ವಿಚಾರ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮೈಸೂರು ನಗರದಲ್ಲಿ ವಿದ್ಯುದ್ದೀಪ ಬೆಳಗಿದುದು 1908ರಲ್ಲಿ. ಇಷ್ಟು ಹಳೆಯ ಪರಿಚಯವಿದ್ದರೂ ಈ ಊರಿನ ಬೇಸಗೆಯ ಗುಡುಗಿಗೆ ನಾವು ಕೊಡಬೇಕಾದ ಮರ್ಯಾದೆಯನ್ನು ಕೊಡುತ್ತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಸೆಕೆ ಕಳೆದು, ಚಾಮುಂಡಿಬೆಟ್ಟದ ಮೇಲೆ ಮೋಡ ಕವಿದು, ಸಂಜೆಯ ವೇಳೆಗೆ ಸಿಡಿಲಿನ ಮಳೆ ಬರುವುದು ಎಲ್ಲರೂ ಕಂಡ ಸಂಗತಿ. ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂಬ ನಿಯಮವಿಲ್ಲ. ದೂರದ ಕಂಬಕ್ಕೆ ಬಡಿದರೂ ಅದರ ರಭಸವು ತಂತಿಯ ಮಾರ್ಗವಾಗಿ ಒಳಕ್ಕೆ ಬರುತ್ತದೆ. ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಅಂತರ್ಜಾಲದ ಡಬ್ಬಿಗೆ ತಾಮ್ರದ ತಂತಿ ಬಂದಿದ್ದರೆ ಅದನ್ನೂ ತೆಗೆಯಬೇಕು. ಈ ಕೆಲಸವನ್ನು ಗುಡುಗು ದೂರದಲ್ಲಿರುವಾಗಲೇ ಮುಗಿಸತಕ್ಕದ್ದು. ಸಿಡಿಲು ತಲೆಯ ಮೇಲೆ ಆರ್ಭಟಿಸುತ್ತಿರುವಾಗ ಪ್ಲಗ್ಗಿಗೆ ಕೈಹಾಕುವುದು ಪ್ರಾಣಕ್ಕೇ ಅಪಾಯ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ಸಿದ್ಧಪಡಿಸಿದ ‘ದಾಮಿನಿ’ ಎಂಬ ಆ್ಯಪು ಸಿಡಿಲಿನ ಮುನ್ಸೂಚನೆಯನ್ನು ಕೊಡುತ್ತದೆ. ಕಂಪ್ಯೂಟರಿಗೆ ಒಂದು ಯು.ಪಿ.ಎಸ್. ಇದ್ದರೆ ಒಳ್ಳೆಯದು. ಅದರ ಪ್ರಯೋಜನವು ಕರೆಂಟು ಹೋದಾಗ ಬರೆಯುತ್ತಿದ್ದುದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಆರಿಸುವುದಕ್ಕಷ್ಟೆ; ಅದನ್ನು ನಂಬಿ ಗಂಟೆಗಟ್ಟಲೆ ಕೆಲಸ ಮಾಡಬಾರದು.

ಫೋನಿನ ಪ್ರಾಣವಿರುವುದು ಬ್ಯಾಟರಿಯಲ್ಲಿ. ಬ್ಯಾಟರಿಯ ಶತ್ರು ಶಾಖ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಒಲೆಯ ಪಕ್ಕದಲ್ಲಿ, ರಾತ್ರಿ ದಿಂಬಿನ ಕೆಳಗೆ ಅದನ್ನು ಇಡಕೂಡದು. ಬ್ಯಾಟರಿಯನ್ನು ಪ್ರತಿದಿನವೂ ಸೊನ್ನೆಗೆ ಇಳಿಸಿ ನೂರಕ್ಕೆ ಏರಿಸುವುದಕ್ಕಿಂತ, ಸಾಧ್ಯವಾದಮಟ್ಟಿಗೆ ನೂರಕ್ಕೆ 20ರಿಂದ 80ರೊಳಗೆ ಇಟ್ಟುಕೊಂಡರೆ ಬಾಳಿಕೆ ಹೆಚ್ಚು. ಫೋನಿನ ಬೆನ್ನು ಉಬ್ಬಿರುವಂತೆ ಕಂಡರೆ ಬ್ಯಾಟರಿಯು ಊದಿಕೊಂಡಿದೆಯೆಂದು ತಿಳಿಯಬೇಕು. ಅದನ್ನು ಒತ್ತುವುದು, ಚುಚ್ಚುವುದು, ಚಾರ್ಜಿಗೆ ಹಾಕುವುದು, ಮೂರೂ ಬೆಂಕಿಗೆ ದಾರಿ. ಆರಿಸಿ, ಮಕ್ಕಳ ಕೈಗೆ ಸಿಕ್ಕದ ಕಡೆ ಇಟ್ಟು, ಬೇಗನೆ ಬಲ್ಲವರಿಗೆ ಒಪ್ಪಿಸಬೇಕು. ಮನೆಯ ಕಸದ ಬುಟ್ಟಿಗೆ ಹಾಕಬಾರದು. ಫೋನು ನೀರಿಗೆ ಬಿದ್ದರೆ ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವ ವಾಡಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅಕ್ಕಿಗೆ ಅಂಥ ಮಹಿಮೆಯಿಲ್ಲ. ಅದರ ಹಿಟ್ಟೂ ನುಚ್ಚೂ ತೂತುಗಳೊಳಗೆ ಸೇರಿ ಕೆಡುಕೇ ಆಗಬಹುದು. ಐಫೋನನ್ನು ತಯಾರಿಸುವ ಆಪಲ್ ಸಂಸ್ಥೆಯೂ ಹಾಗೆ ಮಾಡಬೇಡಿರೆಂದು 2024ರಲ್ಲಿ ತನ್ನ ಸೂಚನೆಗಳಲ್ಲಿ ಸ್ಪಷ್ಟವಾಗಿ ತಿಳಿಸಿತು. ಒಡನೆ ಆರಿಸಿ, ಒಣ ಬಟ್ಟೆಯಿಂದ ಒರಸಿ, ತೂತು ಕೆಳಗಾಗುವಂತೆ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಒಂದು ದಿನವಾದರೂ ಬಿಡಬೇಕು. ಪೂರ್ಣವಾಗಿ ಒಣಗುವವರೆಗೂ ಚಾರ್ಜಿಗೆ ಹಾಕಲೇಬಾರದು.

ಕೃಷ್ಣಮೂರ್ತಿಪುರಂ, ಚಾಮರಾಜಪುರಂ, ಲಕ್ಷ್ಮೀಪುರಂ ಮೊದಲಾದ ಹಳೆಯ ಮೊಹಲ್ಲಾಗಳಲ್ಲಿ ಗೋಡೆ ದಪ್ಪವಾಗಿರುವ ಮನೆಗಳವರಿಗೆ ಇನ್ನೊಂದು ತೊಂದರೆಯುಂಟು: ಅಂತರ್ಜಾಲವು ನಡುಮನೆಯಲ್ಲಿ ಚೆನ್ನಾಗಿದ್ದು ಒಳಕೋಣೆಯಲ್ಲಿ ಸಾಯುವುದು. ದೂರಿತ್ತರೆ ಕಂಪನಿಯವರು ಬಂದು ನೋಡಿ ಎಲ್ಲವೂ ಸರಿಯಾಗಿದೆಯೆಂದು ಹೋಗುವರು. ದೋಷವಿರುವುದು ಅಲೆಗಳ ದಾರಿಯಲ್ಲಿ. ವೈಫೈ ಡಬ್ಬಿಯು ಎರಡು ಬಗೆಯ ಅಲೆಗಳನ್ನು ಬಿಡುತ್ತದೆ, 5 ಗಿಗಾಹರ್ಟ್ಸಿನದು ವೇಗವುಳ್ಳದ್ದು, ಆದರೆ ಗೋಡೆಯನ್ನು ದಾಟಲಾರದು, 2.4 ಗಿಗಾಹರ್ಟ್ಸಿನದು ನಿಧಾನವಾದರೂ ದೂರಕ್ಕೆ ಹೋಗಬಲ್ಲುದು. ಒಳಕೋಣೆಯವರು ಎರಡನೆಯದನ್ನು ಆರಿಸಿಕೊಳ್ಳಬೇಕು. ಡಬ್ಬಿಯನ್ನು ಕಬ್ಬಿಣದ ಬೀರುವಿನ ಹಿಂದೆಯೋ ನೆಲದ ಮೇಲೆಯೋ ಇಡದೆ, ಮನೆಯ ನಡುವೆ ಎತ್ತರದಲ್ಲಿ ಇಡಬೇಕು. ಪೂರ್ತಿ ನಿಂತುಹೋದರೆ ಅರ್ಧ ನಿಮಿಷ ಆರಿಸಿ ಮತ್ತೆ ಹೊತ್ತಿಸಬೇಕು.

ಕನ್ನಡಿಗರಿಗೆ ಒದಗಿರುವ ಒಂದು ವಿಶೇಷ ಕಷ್ಟವನ್ನು ಇಲ್ಲಿ ಹೇಳದಿದ್ದರೆ ಲೇಖನವು ಅಪೂರ್ಣವಾಗುವುದು. ಹತ್ತಿಪ್ಪತ್ತು ವರ್ಷಗಳ ಹಿಂದೆ ಮನೆಯಲ್ಲಿಯೋ ಡಿ.ಟಿ.ಪಿ. ಅಂಗಡಿಯಲ್ಲಿಯೋ ಕನ್ನಡದಲ್ಲಿ ಬೆರಳಚ್ಚು ಮಾಡಿಸಿದ ಕಡತವನ್ನು ಇಂದು ಫೋನಿನಲ್ಲಿ ತೆರೆದರೆ, ಕನ್ನಡವೇ ಕಾಣದು. ಚುಕ್ಕೆ, ಗೆರೆ, ಕಿರೀಟಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆಯೇ ಕಾಣುವುದು. ಕಡತವು ಕೆಟ್ಟಿತೆಂದು ಅಳಿಸಿಹಾಕಿದವರೂ ಉಂಟು. ಅದು ಕೆಟ್ಟಿಲ್ಲ. ಯುನಿಕೋಡ್ ಎಂಬ ಜಗತ್ತಿನ ಸಾಮಾನ್ಯ ಲಿಪಿಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಮನೆಮನೆಗೆ ಬರಲು ಬಹುಕಾಲ ಹಿಡಿಯಿತು. ಅದುವರೆಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಹೊರಬಂದ ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗಿದ್ದುವು. ಆ ಅಕ್ಷರಗಳು ಇಲ್ಲದ ಯಂತ್ರದಲ್ಲಿ ತೆರೆದಾಗ ಬಾಡಿಗೆಯವರು ಕಾಣದೆ ಮನೆಯೊಡೆಯರು ಮಾತ್ರ ಕಾಣುವರು.

ನಮ್ಮ ಊರಿನಲ್ಲಿಯೇ ಇದಕ್ಕೊಂದು ದೊಡ್ಡ ದೃಷ್ಟಾಂತವಿದೆ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿದ್ದಿತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಓದಲಾಗದ ಲಿಪಿಯೆಂದು ಯಾರಾದರೂ ಆ ಗರಿಗಳನ್ನು ಎಸೆದಿದ್ದರೆ ಆಗುತ್ತಿದ್ದ ನಷ್ಟವನ್ನು ವಾಚಕರೇ ಊಹಿಸಬಹುದು. ಓದಲಾಗದುದು ಬೇರೆ, ಅಳಿದುದು ಬೇರೆ. ಹಳೆಯ ಕನ್ನಡ ಕಡತವನ್ನು ಹಾಗೆಯೇ ಇಟ್ಟುಕೊಂಡು, ಅದರ ಒಂದು ಪ್ರತಿಯನ್ನು ‘ನುಡಿ’ಯಲ್ಲಿಯೋ ‘ಬರಹ’ದಲ್ಲಿಯೋ ಇರುವ ಪರಿವರ್ತಕದ ಮೂಲಕ ಯುನಿಕೋಡಿಗೆ ತಿರುಗಿಸಿಕೊಳ್ಳಬಹುದು. ತಿರುಗಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಒಮ್ಮೆ ಕಣ್ಣಿಟ್ಟು ನೋಡಬೇಕು; ತಪ್ಪುಗಳು ನುಸುಳುವುದು ಅಲ್ಲಿಯೇ.

ಹಳೆಯ ಕಂಪ್ಯೂಟರುಗಳುಳ್ಳವರು ಗಮನಿಸಬೇಕಾದ ಇನ್ನೊಂದು ವಿಷಯ: ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ್ 14ರಂದು ಮುಗಿಯಿತು. ಯಂತ್ರವು ಅಂದೇ ನಿಲ್ಲಲಿಲ್ಲ. ಆದರೆ ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವವರು ಇಲ್ಲವಾದರೆ ಬ್ಯಾಂಕಿನ ವ್ಯವಹಾರಕ್ಕೆ ಅದು ತಕ್ಕುದಲ್ಲ. ವಿಂಡೋಸ್ 11ಕ್ಕೆ ಏರಲಾರದ ಯಂತ್ರವನ್ನು ಎಸೆಯಬೇಕಾಗಿಲ್ಲ. ಖರ್ಚಿಲ್ಲದೆ ದೊರೆಯುವ ಲಿನಕ್ಸನ್ನು ಬಲ್ಲವರಿಂದ ಹಾಕಿಸಿದರೆ ಅದು ಇನ್ನೂ ಕೆಲವು ವರ್ಷ ಮಕ್ಕಳ ಪಾಠಕ್ಕೂ ಹಿರಿಯರ ಬರೆವಣಿಗೆಗೂ ಒದಗುವುದು. ಹಾಕಿಸುವ ಮೊದಲು ಒಳಗಣ ಕಡತಗಳನ್ನು ಬೇರೆ ಕಡೆಗೆ ತೆಗೆದಿಡಬೇಕೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಯಂತ್ರದ ದೋಷಕ್ಕಿಂತ ಭಯಂಕರವಾದುದು ಸುಳ್ಳು ವೈದ್ಯರ ಕಾಟ. ಫೋನು ಕೆಟ್ಟಿತೆಂದೋ ಹಣ ಸಿಕ್ಕಿಹಾಕಿಕೊಂಡಿತೆಂದೋ ಗಾಬರಿಯಾದ ಗೃಹಸ್ಥನು ಅಂತರ್ಜಾಲದಲ್ಲಿ ‘ಕಸ್ಟಮರ್ ಕೇರ್’ ಸಂಖ್ಯೆಯನ್ನು ಹುಡುಕುವನು. ಅಲ್ಲಿ ಸಿಕ್ಕುವ ಸಂಖ್ಯೆಗಳಲ್ಲಿ ವಂಚಕರವೂ ಇರುವುವು. ಅವರು ಬಹು ವಿನಯದಿಂದ ಮಾತನಾಡಿ, ದೂರದಿಂದಲೇ ಪರದೆಯನ್ನು ನೋಡುವ ಒಂದು ಆ್ಯಪನ್ನು ಹಾಕಿಸಿ, ನೋಡುನೋಡುತ್ತಲೇ ಬ್ಯಾಂಕಿನ ಖಾತೆಯನ್ನು ಬರಿದುಮಾಡುವರು. ಸಹಾಯದ ಸಂಖ್ಯೆಯನ್ನು ಬ್ಯಾಂಕಿನ ಕಾರ್ಡಿನ ಹಿಂಬದಿಯಿಂದಲೋ ಸಾಮಾನಿನ ರಸೀದಿಯಿಂದಲೋ ಮಾತ್ರ ತೆಗೆದುಕೊಳ್ಳಬೇಕು. ಯು.ಪಿ.ಐ. ಪಿನ್ನು ಹಣ ಕೊಡುವುದಕ್ಕೆ ಬೇಕೇ ಹೊರತು ಪಡೆಯುವುದಕ್ಕೆ ಎಂದಿಗೂ ಬೇಡ. ನಿಮ್ಮ ಕಂಪ್ಯೂಟರಿಗೆ ರೋಗ ತಗಲಿದೆ, ಈ ಸಂಖ್ಯೆಗೆ ಕರೆಮಾಡಿ ಎಂದು ಪರದೆಯೇ ಕೂಗಿಕೊಂಡರೂ ಕರೆಮಾಡದೆ ಯಂತ್ರವನ್ನು ಮತ್ತೆ ಹೊತ್ತಿಸಿದರೆ ಸಾಕು. ಕೈಮೀರಿ ಹಣ ಹೋದರೆ ನಾಚಿಕೆಪಡದೆ ತಕ್ಷಣವೇ 1930 ಎಂಬ ಸಂಖ್ಯೆಗೆ ದೂರು ಕೊಡಬೇಕು. ಎಷ್ಟು ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವವು ಅಷ್ಟು ಹೆಚ್ಚು.

ಅಂಗಡಿಗೆ ಕೊಡಲೇಬೇಕಾಗಿ ಬಂದರೆ ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ತೆಗೆದುಕೊಂಡು ಕೊಡಬೇಕು. ಗುಪ್ತಸಂಕೇತವನ್ನು ಚೀಟಿಯಲ್ಲಿ ಬರೆದು ಅಂಟಿಸುವ ಪದ್ಧತಿ ಒಳ್ಳೆಯದಲ್ಲ. ಕೆಲವು ಹೊಸ ಫೋನುಗಳಲ್ಲಿ ದುರಸ್ತಿಯವರಿಗೆ ಒಳಗಣ ಚಿತ್ರಗಳು ಕಾಣದಂತೆ ಮಾಡುವ ಏರ್ಪಾಡೇ ಇದೆ. ಫೋನಿನಲ್ಲಿ *#06# ಎಂದು ಒತ್ತಿದರೆ 15 ಅಂಕೆಗಳ ಐ.ಎಂ.ಇ.ಐ. ಸಂಖ್ಯೆಯು ಕಾಣುವುದು. ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಫೋನು ಕಳೆದರೆ ಪೋಲೀಸರಿಗೆ ದೂರಿತ್ತು, ಕೇಂದ್ರ ಸರ್ಕಾರವು 2023ರ ಮೇ ತಿಂಗಳಲ್ಲಿ ತೆರೆದ ‘ಸಂಚಾರ ಸಾಥಿ’ಯ ಮೂಲಕ ಅದನ್ನು ನಿರ್ಬಂಧಿಸಲು ಈ ಸಂಖ್ಯೆಯೇ ಆಧಾರ.

ಕೊನೆಯದಾಗಿ, ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ನಕಲು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆ ಏನು ಬಂತು? ಬೇಕಾದ ಕಡತಗಳಿಗೆ ಮೂಲವನ್ನು ಬಿಟ್ಟು ಇನ್ನೆರಡು ಪ್ರತಿಗಳಾದರೂ ಇರಬೇಕು. ಅವುಗಳಲ್ಲಿ ಒಂದು ಮನೆಯ ಹೊರಗಿರಬೇಕು. ಒಂದನ್ನು ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕಿನಲ್ಲಿ ಇಡಬಹುದು. ಇನ್ನೊಂದನ್ನು ಅಂತರ್ಜಾಲದ ಖಾತೆಯಲ್ಲಿ ಇಡಬಹುದು. ಗೂಗಲ್ ಸಂಸ್ಥೆಯವರು ಅಂಚೆ, ಚಿತ್ರ, ಕಡತ ಎಲ್ಲಕ್ಕೂ ಸೇರಿ 15 ಗಿಗಾಬೈಟುಗಳಷ್ಟು ಜಾಗವನ್ನು ಬೆಲೆಯಿಲ್ಲದೆ ಕೊಡುತ್ತಾರೆ. ಆದರೆ ಇಲ್ಲಿ ಎಚ್ಚರಿಕೆ ಬೇಕು. ಫೋನಿಗೆ ಜೋಡಿಸಿದ ಚಿತ್ರಖಾತೆಯು ಕನ್ನಡಿಯಂತೆ. ಫೋನಿನಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುವುದು. ಅಳಿಸಿದ ಚಿತ್ರವು ‘ಟ್ರ್ಯಾಷ್’ ಎಂಬ ಬುಟ್ಟಿಯಲ್ಲಿ ಸಾಮಾನ್ಯವಾಗಿ ಕೆಲವು ದಿನ ಉಳಿದಿರುವುದರಿಂದ, ಕೈತಪ್ಪಿ ಅಳಿಸಿದವರು ಮೊದಲು ಅಲ್ಲಿ ಹುಡುಕಬೇಕು.

ನಕಲು ಮಾಡುವ ಕೆಲಸಕ್ಕೆ ನಾಳೆ ಎನ್ನುವವರೇ ಹೆಚ್ಚು. ಅದಕ್ಕೆ ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡರೆ ನಡೆದುಹೋಗುವುದು. ಮೈಸೂರಿನವರಿಗೆ ಆ ದಿನವನ್ನು ಹುಡುಕಬೇಕಾಗಿಲ್ಲ. ದಸರೆಯಲ್ಲಿ ಆಯುಧಪೂಜೆಯಂದು ಕಾರು, ಸ್ಕೂಟರುಗಳ ಜೊತೆಗೆ ಕಂಪ್ಯೂಟರಿಗೂ ಕುಂಕುಮವಿಟ್ಟು ಹೂವೇರಿಸುವ ಮನೆಗಳು ಇಲ್ಲಿ ಅನೇಕ. ಅಂದು ಬೆಳಿಗ್ಗೆ ಯಂತ್ರವನ್ನು ಆರಿಸಿ ಗಾಳಿಯ ಕಂಡಿಗಳ ಧೂಳನ್ನು ಮೆತುವಾದ ಕುಂಚದಿಂದ ತೆಗೆದು, ವರ್ಷದ ಚಿತ್ರಗಳನ್ನೂ ಲೆಕ್ಕಗಳನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿ, ಹಿಂದಿನ ವರ್ಷದ ಪ್ರತಿಯಲ್ಲಿ ಒಂದೆರಡು ಕಡತಗಳನ್ನು ತೆರೆದು ನೋಡಬೇಕು. ತೆರೆಯಲಾಗದ ನಕಲು ನಕಲಲ್ಲ. ಆಮೇಲೆ ಕುಂಕುಮವನ್ನು ಕಂಡಿಗಳೊಳಗೆ ಬೀಳದಂತೆ ಹೊರಮೈಗೆ ಇಟ್ಟು ಪೂಜಿಸಬಹುದು.